ಗಂಗಾಮೂಲದಿಂದ ಇಳಿದ ಹುಡುಗಿ

ಕಾರ್ಕಳದಿಂದ ಬಜಗೋಳಿ ದಾಟಿ, ಮಾಳದ ಘಟ್ಟ ಹತ್ತಿ ಕುದುರೆಮುಖದ ಕಡೆ ಹೋದರೆ ಗಂಗಾಮೂಲ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ಈಗ ಅದು ರಾಷ್ಟ್ರೀಯ ಉದ್ಯಾನದೊಳಗೆ ಸೇರಿದೆ, ಅನುಮತಿಯಿಲ್ಲದೆ ಕಾಡಿಗೆ ಕಾಲಿಡುವಂತಿಲ್ಲ. ಮಳೆಗಾಲದಲ್ಲಿ ನನ್ನ ತವರಿನ ಅಂಗಳದಿಂದ ಆ ಗುಡ್ಡಗಳು ಕಾಣುವುದೇ ಇಲ್ಲ. ಮಂಜು ಕವಿದರೆ ವಾರಗಟ್ಟಲೆ ಹಾಗೇ. ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ಶಾಸ್ತ್ರಿ ಅಲ್ಲಿ ಮನೆ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಹೇಳಿಕೊಟ್ಟರು. ಅವರು ಕಾಡಿಗೆ ಹೋದದ್ದೇ ಅದಕ್ಕಾಗಿ.

ಅವರು ಮಾಳದ ಅನಂತ ಶಾಸ್ತ್ರಿ ಡೋಂಗ್ರೆ. ಹುಡುಗನಾಗಿದ್ದಾಗ ಪುಣೆಗೆ ಹೋಗಿ ಓದಿದವರು. ಅಲ್ಲಿ ಅವರ ಗುರು ರಾಮಚಂದ್ರ ಶಾಸ್ತ್ರಿಗಳು ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಗೆ ಪಾಠ ಹೇಳಲು ಹೋಗುತ್ತಿದ್ದರು. ಶಿಷ್ಯನೂ ಜೊತೆಗೆ. ಒಂದು ದಿನ ಒಳಮನೆಯಿಂದ ಪೇಶ್ವೆಯ ಹೆಂಡತಿ ಸಂಸ್ಕೃತ ಶ್ಲೋಕ ಹೇಳುವುದು ಅವರ ಕಿವಿಗೆ ಬಿತ್ತು. ಹೆಂಗಸಿನ ಬಾಯಲ್ಲಿ ಆ ಭಾಷೆ ಕೇಳಿದ್ದು ಅದೇ ಮೊದಲು. ನನ್ನ ಹೆಂಡತಿಗೂ ಕಲಿಸುತ್ತೇನೆ ಎಂದು ಅಂದೇ ನಿಶ್ಚಯಿಸಿದರು. ಮನೆಯವರು ಒಪ್ಪಲಿಲ್ಲ. ಮೊದಲ ಹೆಂಡತಿ ಕಲಿಯದೆಯೇ ತೀರಿಹೋದಳು. ನಲವತ್ತು ದಾಟಿದ ಮೇಲೆ ತೀರ್ಥಯಾತ್ರೆಗೆ ಹೋಗಿದ್ದವರಿಗೆ ಗೋದಾವರಿ ತೀರದ ಪೈಠಣದಲ್ಲಿ ಇನ್ನೊಬ್ಬ ಯಾತ್ರಿಕ ಸಿಕ್ಕ. ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದಾಗ ಮಾತು ಬೆಳೆದು, ಮರುದಿನವೇ ಆತ ತನ್ನ ಒಂಬತ್ತು ವರ್ಷದ ಮಗಳನ್ನು ಅವರಿಗೆ ಧಾರೆಯೆರೆದುಕೊಟ್ಟ. ಹಿಂದೆಮುಂದೆ ಗೊತ್ತಿಲ್ಲದ ಒಬ್ಬ ಮಧ್ಯವಯಸ್ಕನ ಕೈಗೆ, ಹೆಸರೂ ಊರೂ ಬದಲಾಗುವಂತೆ, ಒಂದು ಮಗುವನ್ನು ಕೊಟ್ಟುಬಿಟ್ಟರು. ಇದನ್ನು ಓದುವಾಗಲೆಲ್ಲ ನನಗೆ ಆ ತಂದೆಯ ಮೇಲೆ ಸಿಟ್ಟು ಬರುತ್ತದೆ. ಆದರೂ ಆ ಮಗುವಿನ ಪಾಲಿಗೆ ಬಂದದ್ದು ಆ ಕಾಲದ ಯಾವ ಹುಡುಗಿಗೂ ಸಿಗದ ಪಾಠ. ಅವಳೇ ಲಕ್ಷ್ಮೀಬಾಯಿ.

ಮಾಳದ ಹಿರಿಯರು ಮತ್ತೆ ತಕರಾರು ತೆಗೆದಾಗ ಶಾಸ್ತ್ರಿಗಳು ಅವಳನ್ನು ಕರೆದುಕೊಂಡು ಘಟ್ಟ ಹತ್ತಿದರು. ಮೊದಲ ರಾತ್ರಿ ತಲೆಯ ಮೇಲೆ ಸೂರೂ ಇರಲಿಲ್ಲ. ಸಮೀಪದಲ್ಲೇ ಹುಲಿಯ ಕೂಗು. ಹುಡುಗಿ ಹೆದರಿ ಹೊದಿಕೆಯೊಳಗೆ ಮುದುಡಿಕೊಂಡಿದ್ದಳು, ಗಂಡ ಬೆಳಗಿನವರೆಗೂ ಎಚ್ಚರವಿದ್ದು ಕಾದ. ಆಮೇಲೆ ಮನೆಯಾಯಿತು, ತೋಟವಾಯಿತು, ದೂರದೂರುಗಳಿಂದ ವಿದ್ಯಾರ್ಥಿಗಳೂ ಬಂದರು. ಹೆಂಗಸಿಗೆ ಸಂಸ್ಕೃತ ಕಲಿಸಿದ ಸುದ್ದಿ ಉಡುಪಿಗೂ ಮುಟ್ಟಿ, ಶಾಸ್ತ್ರಿಗಳು ಅಲ್ಲಿಯ ಮಠದ ಗುರುಗಳೆದುರು ಉತ್ತರ ಹೇಳಬೇಕಾಯಿತು. ಸುಮಾರು 400 ವಿದ್ವಾಂಸರ ಸಭೆ. ಅವರು ಗ್ರಂಥಗಳಿಂದ ಆಧಾರಗಳನ್ನು ಹೆಕ್ಕಿ ಹೆಕ್ಕಿ ಮುಂದಿಟ್ಟರು. ಹೆಂಗಸರಿಗೆ ವೇದ ಬೇಡವೆಂದು ಅವರೂ ಒಪ್ಪುತ್ತಿದ್ದರು. ಆದರೆ ಕಾವ್ಯ, ಪುರಾಣ ಓದಲು ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ ಎಂಬುದು ಅವರ ವಾದ. ಬಹಿಷ್ಕಾರ ಬೀಳಲಿಲ್ಲ.

ಆ ಮನೆಯಲ್ಲಿ 1858ರ ಏಪ್ರಿಲ್ 23ರಂದು ರಮೆ ಹುಟ್ಟಿದಳು. ಮುಂದೆ ಲೋಕ ಪಂಡಿತಾ ರಮಾಬಾಯಿ ಎಂದು ಕರೆದದ್ದು ಇವಳನ್ನೇ. ಬಂದ ಯಾತ್ರಿಕರಿಗೆ, ಅತಿಥಿಗಳಿಗೆ ಉಣಬಡಿಸಿ ಉಣಬಡಿಸಿ ಶಾಸ್ತ್ರಿಗಳು ಸಾಲದಲ್ಲಿ ಮುಳುಗಿದ್ದರು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಮನೆ ಬಿಟ್ಟರು. ರಮೆ ಘಟ್ಟ ಇಳಿದದ್ದು ಆಳೊಬ್ಬನ ತಲೆಯ ಮೇಲಿದ್ದ ಬೆತ್ತದ ಬುಟ್ಟಿಯಲ್ಲಿ. ಅಲ್ಲಿಂದ ಮದುವೆಯವರೆಗೂ ಅವಳಿಗೆ ನೆಲೆ ಎಂಬ ಊರಿರಲಿಲ್ಲ.

ಆ ಕುಟುಂಬ ಬದುಕಿದ್ದು ಪುರಾಣಿಕರ ಕಸುಬಿನಿಂದ. ಇಂದು ಆ ಕಸುಬು ಅಳಿದೇಹೋಗಿದೆ ಎನ್ನಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪುರಾಣಿಕರು ಒಂದು ಕ್ಷೇತ್ರಕ್ಕೆ ಬಂದು ದೇವಸ್ಥಾನದ ಪೌಳಿಯಲ್ಲೋ ಮರದ ಕಟ್ಟೆಯ ಮೇಲೋ ಹೊಳೆಯ ದಡದಲ್ಲೋ ಗ್ರಂಥ ಬಿಚ್ಚಿ ಕೂರುತ್ತಿದ್ದರು. ರಾಗವಾಗಿ ಸಂಸ್ಕೃತ ಮೂಲವನ್ನೇ ಓದುವುದು. ಕೇಳುವವರಿಗೆ ಅರ್ಥವಾಗಬೇಕೆಂದಿಲ್ಲ, ಕಿವಿಗೆ ಬಿದ್ದರೆ ಪುಣ್ಯ. ಬಂದವರು ಮೊದಲು ದೇವರಿಗೆ, ಆಮೇಲೆ ಪುಸ್ತಕಕ್ಕೆ ಕೈಮುಗಿದು, ಓದುವವರ ಮುಂದೆ ಹೂ, ಹಣ್ಣು, ಅಕ್ಕಿ, ಬಟ್ಟೆ, ಕಾಸು ಇಟ್ಟು ಹೋಗುತ್ತಿದ್ದರು. ಬೇಡುವ ಮಾತಿಲ್ಲ. ಬಂದದ್ದರಲ್ಲಿ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ದಾನ ಮಾಡಿ ಮುಂದಿನ ಕ್ಷೇತ್ರಕ್ಕೆ ಕಾಲ್ನಡಿಗೆ. ಡೋಂಗ್ರೆ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ ಶ್ರೀನಿವಾಸ, ರಮೆ ಎಲ್ಲರೂ ಓದಬಲ್ಲವರು.

ರಮೆಗೆ ಪಾಠ ಹೇಳಿದ್ದು ಅಮ್ಮ. ಅಪ್ಪನಿಗೆ ಆಗಲೇ ವಯಸ್ಸಾಗಿತ್ತು. ಹಗಲೆಲ್ಲ ಅಡಿಗೆ, ನೀರು, ನಡಿಗೆ. ಹಾಗಾಗಿ ಲಕ್ಷ್ಮೀಬಾಯಿಗೆ ಸಿಗುತ್ತಿದ್ದ ಹೊತ್ತೆಂದರೆ ಬೆಳಕು ಹರಿಯುವ ಮೊದಲಿನದು. ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಮಡಿಲಲ್ಲಿ ಕೂರಿಸಿಕೊಂಡು, ಮುದ್ದಿನ ಮಾತು ಹೇಳುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಹನ್ನೆರಡರ ಹೊತ್ತಿಗೆ ರಮೆಗೆ 18,000 ಶ್ಲೋಕ ಬಾಯಿಪಾಠವಾಗಿತ್ತೆಂದು ಅವಳ ಜೀವನ ಬರೆದವರೆಲ್ಲ ಹೇಳುತ್ತಾರೆ. ಅಕ್ಕ ಕೃಷ್ಣಾಬಾಯಿಯ ಬಾಲ್ಯವಿವಾಹ ಕೆಟ್ಟುಹೋಗಿ ಮನೆಯವರೆಲ್ಲ ನೊಂದಿದ್ದರು; ಅದಕ್ಕಾಗಿ ಕಿರಿಯವಳಿಗೆ ಬೇಗ ಮದುವೆ ಮಾಡುವ ಮಾತನ್ನೇ ಅಪ್ಪ ಎತ್ತಲಿಲ್ಲ.

ಹೀಗೆ ಬೆಳೆದ ಹುಡುಗಿಗೆ ವ್ಯಾಕರಣ ಬರುತ್ತಿತ್ತು, ಅಮರಕೋಶ ಬರುತ್ತಿತ್ತು, ಭಾಗವತ ಬರುತ್ತಿತ್ತು. ಹೊಟ್ಟೆಪಾಡಿಗೆ ಒದಗುವ ಒಂದು ಕೆಲಸವೂ ಕೈಯಲ್ಲಿರಲಿಲ್ಲ. ಕೂಲಿ ಮಾಡಬಾರದು, ಭಿಕ್ಷೆ ಎತ್ತಬಾರದು ಎಂಬುದು ಆ ಮನೆಯ ಕಟ್ಟು. ಓದು ಕೇಳಲು ಜನ ಬರುವವರೆಗೆ ಅದು ನಡೆಯಿತು. ಬರಗಾಲ ಬಂದಾಗ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಕೈಯಲ್ಲಿದ್ದ ಹಣವನ್ನು ವ್ರತಕ್ಕೆ, ಬ್ರಾಹ್ಮಣರ ದಾನಕ್ಕೆ ಸುರಿದರು, ದೇವರು ಕಣ್ಣುಬಿಟ್ಟಾನೆಂದು. ಒಡವೆ ಹೋಯಿತು, ಒಳ್ಳೆಯ ಬಟ್ಟೆ ಹೋಯಿತು, ಅಡಿಗೆಯ ತಾಮ್ರ ಹಿತ್ತಾಳೆ ಹೋಯಿತು. 1874ರಲ್ಲಿ ತಿರುಪತಿಯ ಕಾಡಿನಲ್ಲಿ ಎಲೆ ತಿಂದು ದಿನ ನೂಕಿದರು. ಪುಣ್ಯತೀರ್ಥದಲ್ಲಿ ಮುಳುಗಿ ಸಾಯೋಣವೆಂದು ಮುದುಕ ಅಪ್ಪ ತೀರ್ಮಾನಿಸಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹತ್ತಿರ ಕರೆದು ಕೊನೆಯ ಮಾತು ಹೇಳಿದರು. ಆಗ ಶ್ರೀನಿವಾಸ, ಜಾತಿಯ ಹಮ್ಮು ಸಾಕು, ಕೂಲಿ ಮಾಡಿಯಾದರೂ ನಿಮ್ಮನ್ನು ಸಾಕುತ್ತೇನೆ ಎಂದ. ಮುಳುಗುವ ಯೋಚನೆ ಬಿಟ್ಟರು. ಅಷ್ಟರಲ್ಲಿ ಅಪ್ಪನಿಗೆ ಕಾಲ ಮೀರಿತ್ತು. ಜುಲೈಯಲ್ಲಿ ತೀರಿಕೊಂಡರು.

ಉಳಿದವರು ನಡೆಯುತ್ತ ರಾಯಚೂರಿಗೆ ಬಂದರು. ಮೂರು ವರ್ಷದ ಹಿಂದೆಯೇ, 1871ರಲ್ಲಿ, ಮುಂಬಯಿ ಕಡೆಯ ರೈಲೂ ಮದರಾಸು ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದ್ದವು. ಟಿಕೇಟಿಗೆ ದುಡ್ಡಿಲ್ಲದವರಿಗೆ ಆ ಕಂಬಿಯಿಂದ ಏನು ಬಂತು. ಲಕ್ಷ್ಮೀಬಾಯಿ ಜ್ವರದಲ್ಲಿ ಕನವರಿಸುತ್ತ ಅನ್ನ ಕೇಳುತ್ತಿದ್ದಳು. ನೆರೆಮನೆಯಾಕೆಯ ಬಾಗಿಲಿಗೆ ಹೋದ ರಮೆಗೆ ಬಾಯಿ ಬರಲಿಲ್ಲ. ಸಾವಿರಾರು ಶ್ಲೋಕ ತಡವರಿಸದೆ ಹೇಳುವ ನಾಲಿಗೆ ಒಂದು ತುಂಡು ರೊಟ್ಟಿ ಕೇಳಲಾರದೆ ಹೋಯಿತು. ಆಕೆಯೇ ಮುಖ ನೋಡಿ ತಿಳಿದು ರೊಟ್ಟಿ ಕೊಟ್ಟಳು. ಅದನ್ನು ತಿನ್ನುವ ಶಕ್ತಿ ಅಮ್ಮನಲ್ಲಿ ಉಳಿದಿರಲಿಲ್ಲ. ಹೆಣ ಹೊರಲು ಜನ ಬರಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು. ನಾಲ್ಕನೆಯ ಹೆಗಲು ರಮೆಯದು. ಎತ್ತರ ಸಾಲದೆ ಚಟ್ಟದ ತನ್ನ ಮೂಲೆಯನ್ನು ಅವಳು ತಲೆಯ ಮೇಲೆ ಹೊತ್ತಳು. ಸುಡುಗಾಡು ಊರಿನಿಂದ ಮೈಲಿಗಳಾಚೆ.

ರಮಾಬಾಯಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗಂಡ ಸತ್ತಲ್ಲಿಂದ ಶುರುಮಾಡುತ್ತಾರೆ: ವಿಧವೆಯಾದರು, ವಿಧವೆಯರಿಗಾಗಿ ದುಡಿದರು. ನನಗೆ ಹಾಗೆ ಕಾಣುವುದಿಲ್ಲ. ಈ ಹುಡುಗಿ ದೊಡ್ಡವಳಾದದ್ದು ರಾಯಚೂರಿನ ದಾರಿಯಲ್ಲಿ. ಮುಂದೆ ಅವಳು ಕಟ್ಟಿದ ಪ್ರತಿಯೊಂದರಲ್ಲೂ ಎರಡು ಎಳೆ ಕೂಡಿಯೇ ಬರುತ್ತವೆ. ಅಮ್ಮನ ಮಡಿಲಲ್ಲಿ ಸಿಕ್ಕ ಪಾಠ ಒಂದು. ಕೈಕೆಲಸ ಗೊತ್ತಿಲ್ಲದೆ ಆ ಅಮ್ಮ ಹಸಿದು ಸತ್ತದ್ದು ಇನ್ನೊಂದು.

ಅಕ್ಕನೂ ಕಾಲರಾದಲ್ಲಿ ಹೋದಳು. ಅಣ್ಣ ತಂಗಿ ಇಬ್ಬರೇ ಉತ್ತರಕ್ಕೆ ನಡೆದರು. ಬೋರೆಹಣ್ಣನ್ನು ಬೀಜ ಸಮೇತ ನುಂಗಿದ ದಿನಗಳುಂಟು. ಪಂಜಾಬಿನ ಝೇಲಂ ನದಿಯ ದಂಡೆಯಲ್ಲಿ ಚಳಿಗೆ ಹೊದೆಯಲು ಏನೂ ಇಲ್ಲದೆ, ಗೋರಿಯಂಥ ಎರಡು ಗುಂಡಿ ತೋಡಿ ಅದರಲ್ಲಿ ಮಲಗಿ ಕತ್ತಿನವರೆಗೆ ಮರಳು ಎಳೆದುಕೊಂಡರು. ಕಾಣದ ಕ್ಷೇತ್ರವಿಲ್ಲ, ಮಾಡದ ವ್ರತವಿಲ್ಲ. ಹಳೆಯ ನಂಬಿಕೆ ಒಂದೊಂದಾಗಿ ಕಳಚಿದ್ದು ಆ ನಡಿಗೆಯಲ್ಲೇ. 1878ರಲ್ಲಿ ಕಲಕತ್ತೆ ಸೇರಿದರು. ಇಪ್ಪತ್ತರ ಕನ್ಯೆ ನಿರರ್ಗಳ ಸಂಸ್ಕೃತ ಮಾತಾಡುವುದನ್ನು ಕಂಡು ಅಲ್ಲಿಯ ವಿದ್ವಾಂಸರು ಬೆರಗಾಗಿ ಪರೀಕ್ಷಿಸಿದರು. ‘ಪಂಡಿತಾ’, ‘ಸರಸ್ವತೀ’ ಎಂದು ಬಿರುದು ಕೊಟ್ಟರು. ನಿಷಿದ್ಧವೆಂದು ಅಪ್ಪ ದೂರವಿಟ್ಟಿದ್ದ ವೇದವನ್ನು ಓದು ಎಂದು ಕೈಗೆ ಕೊಟ್ಟವರು ಬ್ರಹ್ಮಸಮಾಜದ ಕೇಶವಚಂದ್ರ ಸೇನರು.

1880ರಲ್ಲಿ ಢಾಕಾದಲ್ಲಿ ಅಣ್ಣ ತೀರಿಕೊಂಡ. ಹುಟ್ಟಿದ ಮನೆಯ ಕೊನೆಯ ಕೊಂಡಿ ಅದು.

ಅಣ್ಣನ ಸ್ನೇಹಿತರಲ್ಲೊಬ್ಬರು ಸಿಲ್ಹೆಟ್ ಕಡೆಯ ವಕೀಲ ಬಿಪಿನ್ ಬಿಹಾರಿ ದಾಸ್. ಜಾತಿ ಬೇರೆ, ಭಾಷೆ ಬೇರೆ. ಮೊದಲು ಕೇಳಿದಾಗ ಅವಳು ಒಪ್ಪಿರಲಿಲ್ಲ. ಅಣ್ಣ ಹೋದ ಮೇಲೆ, ಅದೇ ವರ್ಷ ಬಾಂಕಿಪುರದಲ್ಲಿ, ಅಗ್ನಿಸಾಕ್ಷಿಯಿಲ್ಲದೆ ಸರಕಾರಿ ಕಾಯಿದೆಯ ಪ್ರಕಾರ ಮದುವೆಯಾದರು. ಎರಡೂ ಕಡೆಯ ನಂಟರು ಬಾಗಿಲು ಮುಚ್ಚಿದರು. ದಂಪತಿಗಳು ಅಸ್ಸಾಮಿನ ಸಿಲ್ಚರಿನಲ್ಲಿ ಮನೆ ಮಾಡಿದರು. ಗಂಗಾಮೂಲ ಬಿಟ್ಟ ಮೇಲೆ ಅವಳಿಗೆ ಸಿಕ್ಕ ಮೊದಲ ಮನೆ. 1881ರ ಏಪ್ರಿಲಿನಲ್ಲಿ ಮಗಳು ಮನೋರಮೆ ಹುಟ್ಟಿದಳು. ತಾವಿದ್ದಲ್ಲೇ ಬಾಲವಿಧವೆಯರಿಗೊಂದು ಶಾಲೆ ತೆರೆಯಬೇಕೆಂದು ಗಂಡ ಹೆಂಡತಿ ಕೂಡಿ ಯೋಚಿಸಿದ್ದರು. 1882ರ ಫೆಬ್ರವರಿ 4ರಂದು ಬಿಪಿನ್ ಕಾಲರಾಕ್ಕೆ ಬಲಿಯಾದರು. ಸಂಸಾರಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಈ ದಾಂಪತ್ಯದ ಬಗ್ಗೆ ರಮಾಬಾಯಿ ಮುಂದೆ ಬರೆದದ್ದು ಬಹಳ ಕಡಿಮೆ. ಆದರೆ ಇಬ್ಬರೂ ಕೂಡಿ ಎಣಿಸಿದ್ದ ಶಾಲೆಯನ್ನು ಅವರು ಬಿಡಲಿಲ್ಲ. ಆ ಪ್ರೀತಿಯ ಬಗ್ಗೆ ನನಗೆ ಅಷ್ಟು ಸಾಕು.

ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಕೂಸು. ಆ ಕಾಲದಲ್ಲಿ ಇದರ ಅರ್ಥವೇನೆಂದು ನನಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ. ನನ್ನ ಅಪ್ಪನ ದೊಡ್ಡತ್ತೆಯನ್ನು ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು. ಗಂಡನ ಮನೆಗೆ ಹೋಗುವ ಮೊದಲೇ, ಹನ್ನೊಂದರಲ್ಲಿ, ಗಂಡ ತೀರಿಕೊಂಡಿದ್ದ. ಮೈನೆರೆದ ಮೇಲೆ ತಲೆ ತೆಗೆಸಿ ಕೆಂಪು ಸೀರೆ ಉಡಿಸಿದರು. ಊರಿನ ಎಷ್ಟೋ ಬಾಣಂತಿಯರಿಗೆ ಲೇಹ್ಯ ಕಾಯಿಸಿ, ಕೂಸುಗಳಿಗೆ ಎಣ್ಣೆ ತಿಕ್ಕಿ ಮೀಯಿಸಿದ್ದು ಅವಳೇ. ನಾಮಕರಣದ ದಿನ ಮಾತ್ರ ಅಡಿಗೆಮನೆಯಿಂದ ಹೊರಗೆ ಬರುವಂತಿಲ್ಲ. ನಮ್ಮ ಕಡೆ ರಮಾಬಾಯಿಯ ಹೆಸರನ್ನು ಜನ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು, ಮತ ಬಿಟ್ಟವಳೆಂದು. ಕಾಲೇಜಿನಲ್ಲಿ ಆಕೆಯ ಬಗ್ಗೆ ಓದಿ ಬಂದು ದೊಡ್ಡಜ್ಜಿಗೆ ಹೇಳಿದೆ.

“ಹೋದವಳ ಸುದ್ದಿ ಯಾಕೆ ಮಗಾ,” ಎಂದಳು. ಹಪ್ಪಳದ ಉಂಡೆ ಕಟ್ಟುತ್ತಿದ್ದ ಕೈ ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು, “ಅವಳ ತಲೆ ತೆಗೆಸಿದ್ದರಂತಾ?”

“ಇಲ್ಲ ಅಜ್ಜಿ. ಫೋಟೋದಲ್ಲಿ ಗಿಡ್ಡ ಕೂದಲುಂಟು, ಬಿಳಿ ಸೀರೆ ಉಂಟು.”

“ಹಾಗಾ,” ಎಂದು ಮತ್ತೇನೂ ಕೇಳಲಿಲ್ಲ. ದೊಡ್ಡಜ್ಜಿ ಹುಟ್ಟುವುದಕ್ಕೆ ಮೊದಲೇ ಇಂಥವರಿಗಾಗಿ ಒಂದು ಮನೆ ತೆರೆದಿತ್ತು, ಅದನ್ನು ತೆರೆದವಳು ನಮ್ಮ ಗುಡ್ಡದ ಮಗಳು, ಎಂಬ ಸುದ್ದಿ ಘಟ್ಟದ ಬುಡದ ನಮ್ಮ ಅಡಿಗೆಮನೆಗೆ ಬಂದದ್ದು ಅಷ್ಟು ತಡವಾಗಿ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

1882ರಲ್ಲಿ ರಮಾಬಾಯಿ ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಕಟ್ಟಿದರು, ‘ಸ್ತ್ರೀಧರ್ಮನೀತಿ’ ಎಂಬ ಮರಾಠಿ ಪುಸ್ತಕ ಬರೆದರು. ಶಿಕ್ಷಣದ ಬಗ್ಗೆ ವಿಚಾರಣೆ ನಡೆಸುತ್ತಿದ್ದ ಹಂಟರ್ ಆಯೋಗದ ಮುಂದೆ, ಹೆಂಗಸರಿಗೆ ಹೆಂಗಸರೇ ಶಿಕ್ಷಕಿಯರೂ ವೈದ್ಯರೂ ಆಗಬೇಕೆಂದು ಸಾಕ್ಷ್ಯ ಹೇಳಿದರು. ವೈದ್ಯಕೀಯ ಓದಲು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತ ಬಂದದ್ದರಿಂದ ಆ ಓದು ಕೂಡಿಬರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಕ್ರೈಸ್ತರಾದರು. ಜೊತೆಗೆ ಹೋಗಿದ್ದ ಗೆಳತಿ ಆನಂದೀಬಾಯಿ ಭಗತ್ ಅದಕ್ಕೆ ಕೆಲವೇ ದಿನ ಮೊದಲು ಪ್ರಾಣ ಕಳೆದುಕೊಂಡಿದ್ದಳು. ಆ ದುಃಖಕ್ಕೂ ಈ ನಿರ್ಧಾರಕ್ಕೂ ಗಂಟು ಹಾಕುವ ಹಕ್ಕು ನನಗಿಲ್ಲ. ಒಂದು ಮಾತು ಹೇಳಬಲ್ಲೆ: ಅಪ್ಪ ಅಮ್ಮನ ದೇವರು ಬರಗಾಲದಲ್ಲಿ ಕೈಬಿಟ್ಟರೆಂದು ನೊಂದ ಹುಡುಗಿ ಹತ್ತು ವರ್ಷ ಬೇರೆಡೆ ಹುಡುಕಿದಳು, ಆ ಹುಡುಕಾಟ ಅವಳ ಸ್ವಂತದ್ದು. ಕ್ರೈಸ್ತರಾದ ಮೇಲೂ ಅವರು ಮಾಂಸ ಮುಟ್ಟಲಿಲ್ಲ, ಬಿಳಿ ಸೀರೆ ಬಿಡಲಿಲ್ಲ, ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ.

ಅಮೆರಿಕದಲ್ಲಿದ್ದಾಗ 1887ರಲ್ಲಿ ಇಂಗ್ಲಿಷಿನಲ್ಲಿ ಬರೆದ, ಮೇಲ್ಜಾತಿಯ ಹಿಂದೂ ಹೆಂಗಸಿನ ಬದುಕಿನ ಪುಸ್ತಕವನ್ನು ಅವರು ಅಮ್ಮ ಲಕ್ಷ್ಮೀಬಾಯಿ ಡೋಂಗ್ರೆಯ ನೆನಪಿಗೆ ಅರ್ಪಿಸಿದರು. ಅದರ ಹಣ, ಅಲ್ಲಿಯ ಸ್ನೇಹಿತರು ಕೂಡಿಸಿಕೊಟ್ಟ ಹಣ ಹಿಡಿದು ಬಂದು 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. 1893ರಲ್ಲಿ ಅವಳನ್ನು ಮದುವೆಯಾದವರು ಧೋಂಡೋ ಕೇಶವ ಕರ್ವೆ, ಮುಂದೆ ಮಹರ್ಷಿ ಕರ್ವೆ ಎಂದು ಹೆಸರಾದವರು. ಸದನದಲ್ಲಿ ಹುಡುಗಿಯರು ತಮ್ಮ ಮಡಿ, ಪೂಜೆ, ಊಟದ ಕ್ರಮ ಬಿಡಬೇಕಾಗಿರಲಿಲ್ಲ. ಆದರೆ ರಮಾಬಾಯಿ ಪ್ರಾರ್ಥನೆಗೆ ಕೂರುವಾಗ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ, ಬಂದು ಕೂತವರನ್ನು ಏಳಿಸುತ್ತಿರಲಿಲ್ಲ. 1893ರಲ್ಲಿ ಇದೇ ದೊಡ್ಡ ಗದ್ದಲವಾಯಿತು. ತಿಲಕರ ‘ಕೇಸರಿ’ ಪತ್ರಿಕೆ ಹರಿಹಾಯಿತು. ಬೆಂಬಲಕ್ಕಿದ್ದ ರಾನಡೆ, ಭಂಡಾರಕರ್ ಸಲಹಾ ಸಮಿತಿಯಿಂದ ಹೊರಬಂದರು. ಪೋಷಕರು ಹುಡುಗಿಯರನ್ನು ವಾಪಸು ಕರೆದೊಯ್ದರು. ಮಕ್ಕಳನ್ನು ನಂಬಿ ಕಳಿಸಿದವರ ಆತಂಕ ಸುಳ್ಳಲ್ಲ. ಆದರೆ ಹಾಗೆ ಮನೆಗೆ ಮರಳಿದ ಹುಡುಗಿಯರಿಗೆ ಓದುವ ಇನ್ನೊಂದು ಮನೆಯನ್ನು ಅಂದು ಯಾರೂ ತೋರಿಸಲಿಲ್ಲ. ಕರ್ವೆಯವರ ಆಶ್ರಮ ಬಂದದ್ದು ಆಮೇಲೆ.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಸುದ್ದಿ ಕೇಳಿದ್ದೇ ರಮಾಬಾಯಿ ಹೊರಟರು. ಬರಡು ರಸ್ತೆಗಳಲ್ಲಿ ಎಲುಬಿನ ಗೂಡಾಗಿ ಕೂತಿದ್ದ ಹುಡುಗಿಯರಲ್ಲಿ 1874ರ ತನ್ನನ್ನೇ ಕಂಡಿರಬೇಕು. ಮುನ್ನೂರರಷ್ಟು ಮಂದಿಯನ್ನು ಕರೆತಂದರು. ಸದನ ಅಷ್ಟರಲ್ಲಿ ಪುಣೆಗೆ ಬಂದಿತ್ತು, ಅಲ್ಲಿ ಪ್ಲೇಗಿನ ಕಟ್ಟುಪಾಡಿನಿಂದ ಹೊಸಬರನ್ನು ಇಟ್ಟುಕೊಳ್ಳುವಂತಿರಲಿಲ್ಲ. ಸದನದ ಖರ್ಚಿಗೆಂದು ಹಣ್ಣಿನ ತೋಟ ಮಾಡಲು ಕೊಂಡಿದ್ದ ಕೇಡಗಾಂವದ ಬಯಲಿನಲ್ಲಿ ಗುಡಿಸಲು ಹಾಕಿದರು. ಅದೇ ಮುಕ್ತಿ ಸದನ. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತ್ತು.

ಗಾಯ ಮಾಗುವುದು ಎನ್ನುತ್ತೇವಲ್ಲ, ಅದು ಆ ಬಯಲಿನಲ್ಲಿ ನಡೆದ ಬಗೆ ನನಗೆ ಬಹಳ ಇಷ್ಟ. ಬಂದವಳಿಗೆ ಮೊದಲು ಊಟ, ಎಣ್ಣೆನೀರು, ಬಟ್ಟೆ. ಆಮೇಲೆ ಅಕ್ಷರ. ಅಕ್ಷರದ ಜೊತೆಗೇ ಒಂದು ಕೆಲಸ: ಮಗ್ಗ, ಗಾಣ, ಹಾಲು ಕರೆಯುವುದು, ಬುಟ್ಟಿ ಹೆಣೆಯುವುದು, ತೋಟದ ಗೇಯ್ಮೆ, ಅಚ್ಚುಕೂಟ. ಮೇಲ್ಜಾತಿಯ ಹುಡುಗಿಯೂ ಗುದ್ದಲಿ ಹಿಡಿಯುತ್ತಿದ್ದಳು. ಕುರುಡು ಹೆಂಗಸರಿಗೆ ಬೇರೆ ಮನೆ, ಅವರಿಗೆ ಬ್ರೈಲ್ ಕಲಿಸಿದ್ದು ಮಗಳು ಮನೋರಮೆ. ತಿರುಪತಿಯ ಕಾಡಿನಲ್ಲಿ ಅಣ್ಣ ಆಡಿದ ಮಾತು, ಕೂಲಿ ಮಾಡಿಯಾದರೂ ಸಾಕುತ್ತೇನೆ ಎಂಬ ಮಾತು, ಇಲ್ಲಿ ದಿನಚರಿಯೇ ಆಯಿತು.

ಕೇಡಗಾಂವ, ಕಲಬುರಗಿ, ರಾಯಚೂರು ಮೂರೂ ಒಂದೇ ರೈಲುದಾರಿಯಲ್ಲಿವೆ. 1912ರಲ್ಲಿ ಮನೋರಮೆ ಅದೇ ದಾರಿ ಹಿಡಿದು ಬಂದು, ಆಗ ನಿಜಾಮರ ಸೀಮೆಯಾಗಿದ್ದ ಕಲಬುರಗಿಯಲ್ಲಿ ಶಾಲೆ ತೆರೆದಳು. ಅಜ್ಜಿ ಹಸಿದು ಸತ್ತ ಒಣನೆಲದ ಹೆಣ್ಣುಮಕ್ಕಳಿಗೆ ಮೊಮ್ಮಗಳ ಪಾಠ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ರಮಾಬಾಯಿಯನ್ನು ಪುಣೆಯವರೆಂದೇ ಓದುವ ನಮಗೆ ಕಲಬುರಗಿಯ ಈ ಶಾಲೆಯಾದರೂ ನೆನಪಿರಬೇಕು.

ಮನೋರಮೆ 1921ರ ಜುಲೈಯಲ್ಲಿ ತೀರಿಕೊಂಡಳು, ನಲವತ್ತು ವರ್ಷಕ್ಕೆ. ಅಮ್ಮನಿಗೆ ಅರವತ್ತಮೂರು. ಹೀಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಸಾಮಾನ್ಯರ ಮರಾಠಿಗೆ ತರುವ ಕೆಲಸ ಆಗ ಕೊನೆಯ ಹಂತದಲ್ಲಿತ್ತು. ರಮಾಬಾಯಿ ಅದನ್ನು ನಿಲ್ಲಿಸಲಿಲ್ಲ. ಕರಡು ತಿದ್ದಿ ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಇಡೀ ಪುಸ್ತಕ ಹೊರಬಂದದ್ದು 1924ರಲ್ಲಿ, ಮುಕ್ತಿ ಸದನದ ಅಚ್ಚುಕೂಟದಿಂದ. ಅಲ್ಲಿ ಮೊಳೆ ಜೋಡಿಸಿದವರು, ಹಾಳೆ ಮಡಚಿ ಹೊಲಿದವರು ಸದನದ ಹೆಂಗಸರೇ.